ಕೈಗೆಟುಕಿದ ಪುಸ್ತಕ: ಕನ್ನಡ ಪ್ರಕಾಶಕರ ಒಂದು ಶತಮಾನದ ಕಥೆ

ಶಾಲೆಯೊಂದು ಐವತ್ತು ವರ್ಷ ಪೂರೈಸಿದಾಗ ಬರೆಯುವ ಚರಿತ್ರೆಯಲ್ಲಿ ಜಾಗ ಕೊಟ್ಟ ದಾನಿಗಳು, ಕಟ್ಟಡ ಎದ್ದ ಬಗೆ, ಮುಖ್ಯೋಪಾಧ್ಯಾಯರಾಗಿ ಬಂದು ಹೋದವರು, ಎಸ್.ಎಸ್.ಎಲ್.ಸಿ. ಫಲಿತಾಂಶಗಳು ಇವೇ ಮುಖ್ಯವಾಗಿರುತ್ತವೆ. ಅವೆಲ್ಲ ಬೇಕಾದ ವಿವರಗಳೇ. ಆದರೆ ಶಾಲೆಯ ಒಳಗೆ ಇನ್ನೊಂದು ಚರಿತ್ರೆಯೂ ಇರುತ್ತದೆ. ಅದು ಗ್ರಂಥಾಲಯದ ಬೀರುವಿನಲ್ಲಿ ಸಾಲಾಗಿ ನಿಂತ ಪುಸ್ತಕಗಳದು. ಆ ಪುಸ್ತಕಗಳು ಶೆಟ್ಟಿಹಳ್ಳಿಯಂಥ ಊರಿನ ಶಾಲೆಯವರೆಗೆ ಬಂದದ್ದು ತಾವಾಗಿಯೇ ಅಲ್ಲ. ರಾಗಿ, ತೆಂಗು, ಹಿಪ್ಪುನೇರಳೆ ಬೆಳೆದು ಬದುಕುವ ಮನೆಗಳ ಮಕ್ಕಳ ಕೈಗೆ ಒಳ್ಳೆಯ ಪುಸ್ತಕ ಸಿಗಬೇಕು, ಅದರ ಬೆಲೆ ಅವರಿಗೆ ಎಟುಕಬೇಕು ಎಂದು ಹಟ ಹಿಡಿದು ಕೆಲಸ ಮಾಡಿದ ಕೆಲವರು ಕನ್ನಡ ನಾಡಿನಲ್ಲಿದ್ದರು. ಅವರು ಯಾರು, ಬೆಲೆಯನ್ನು ಇಳಿಸಿದ್ದು ಹೇಗೆ, ಯಾವ ನಂಬಿಕೆಯಿಂದ ಇಳಿಸಿದರು ಎಂಬುದನ್ನು ಸುವರ್ಣ ಮಹೋತ್ಸವದ ಈ ಸಂದರ್ಭದಲ್ಲಿ ನೆನೆಯುವುದು ಈ ಲೇಖನದ ಉದ್ದೇಶ.

ಜಾತ್ರೆಯಲ್ಲಿ ಸಿಗುತ್ತಿದ್ದ ಪುಸ್ತಕ

ನಮ್ಮ ಕಡೆಯ ಹಳ್ಳಿಗಳಿಗೆ ಅಚ್ಚಾದ ಪುಸ್ತಕ ಮೊದಲು ಬಂದದ್ದು ಅಂಗಡಿಯಿಂದಲ್ಲ, ಜಾತ್ರೆಯಿಂದ. ಸಿದ್ಧಗಂಗೆಯ ಶಿವರಾತ್ರಿ ಜಾತ್ರೆ, ಗುಬ್ಬಿಯ ಚನ್ನಬಸವೇಶ್ವರನ ಜಾತ್ರೆ, ಕುಣಿಗಲ್ ತಾಲ್ಲೂಕಿನ ಎಡೆಯೂರಿನ ಸಿದ್ಧಲಿಂಗೇಶ್ವರನ ಜಾತ್ರೆ, ಇಂಥ ಕಡೆ ಬತ್ತಾಸು, ಬಳೆ, ಆಟಿಕೆಗಳ ಪಕ್ಕದಲ್ಲಿ ನೆಲದ ಮೇಲೆ ಗೋಣಿತಾಟು ಹಾಸಿ ಪುಸ್ತಕ ಹರಡಿಕೊಂಡು ಕೂತವರು ಇರುತ್ತಿದ್ದರು. ಪಂಚಾಂಗ, ಶನಿಮಹಾತ್ಮೆ, ವ್ರತಕಥೆಗಳು, ತತ್ವಪದಗಳ ಸಂಗ್ರಹ, ಬೆಂಗಳೂರಿನ ಚಿಕ್ಕಪೇಟೆ ಬಳೇಪೇಟೆಗಳಲ್ಲಿ ಅಚ್ಚಾದ ತೆಳುವಾದ ಪುಸ್ತಕಗಳು. ನಾಟಕ ಕಂಪನಿಗಳು ಬಂದರೆ ಟೆಂಟಿನ ಬಾಗಿಲಲ್ಲಿ ಹಾಡಿನ ಪುಸ್ತಕ ಮಾರುತ್ತಿದ್ದರು. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯ ಸೀಮೆಯವರಾದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಪುಸ್ತಕಗಳನ್ನು ಕೀಳಾಗಿ ಕಾಣುವುದು ಸರಿಯಲ್ಲ. ಮನೆಯಲ್ಲಿ ಒಬ್ಬರಿಗೆ ಅಕ್ಷರ ಬಂದರೆ ಸಾಕು, ಅವರು ಗಟ್ಟಿಯಾಗಿ ಓದುತ್ತಿದ್ದರು, ಉಳಿದವರು ಸುತ್ತ ಕೂತು ಕೇಳುತ್ತಿದ್ದರು. ಒಂದು ಪುಸ್ತಕಕ್ಕೆ ಇಪ್ಪತ್ತು ಜನ ಓದುಗರು. ಆದರೆ ಒಂದು ಮಾತನ್ನು ಒಪ್ಪಬೇಕು. ಹಳ್ಳಿಯವನಿಗೆ ಅಗ್ಗವಾಗಿ ಸಿಗುತ್ತಿದ್ದದ್ದು ಇಷ್ಟು ಮಾತ್ರ. ಹೊಸ ಕಾದಂಬರಿ, ವಿಜ್ಞಾನ, ಚರಿತ್ರೆ, ದೊಡ್ಡ ಕಾವ್ಯ ಇವೆಲ್ಲ ಪಟ್ಟಣದ ಓದಿದವರ ಮನೆಯ ವಸ್ತುಗಳಾಗಿದ್ದವು. ಅಗ್ಗದ ಪುಸ್ತಕವೇ ಬೇರೆ, ಒಳ್ಳೆಯ ಪುಸ್ತಕವೇ ಬೇರೆ ಎಂಬ ಗೋಡೆಯೊಂದು ಎದ್ದಿತ್ತು. ಮುಂದೆ ಹೇಳಲಿರುವ ಮಹನೀಯರೆಲ್ಲ ಒಂದೊಂದು ರೀತಿಯಲ್ಲಿ ಈ ಗೋಡೆಯನ್ನು ಒಡೆಯಲು ಹೊರಟವರು.

ಹೊತ್ತು ಮಾರಿದ ಮಾಸ್ತರರು

ಮೊದಲು ನೆನೆಯಬೇಕಾದವರು ಗಳಗನಾಥರು. ಹಾವೇರಿ ಸೀಮೆಯ ಗಳಗನಾಥ ಗ್ರಾಮದಲ್ಲಿ 1869ರಲ್ಲಿ ಹುಟ್ಟಿದ ವೆಂಕಟೇಶ ತಿರಕೋ ಕುಲಕರ್ಣಿಯವರು ವೃತ್ತಿಯಿಂದ ಶಾಲಾ ಮಾಸ್ತರರು. ಆ ಕಾಲದ ಉತ್ತರ ಕರ್ನಾಟಕ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಕಚೇರಿಯಲ್ಲೂ ಶಾಲೆಯಲ್ಲೂ ಮರಾಠಿಯ ಪ್ರಭಾವ ಹೆಚ್ಚು. ಓದಬೇಕೆಂದರೆ ಮರಾಠಿ ಪುಸ್ತಕವನ್ನೇ ಓದಬೇಕು ಎನ್ನುವ ಸ್ಥಿತಿ. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದ್ದೇ ಈ ಕೊರತೆಯನ್ನು ನೀಗಲು. ಸಂಘವು ಕನ್ನಡದಲ್ಲಿ ಪುಸ್ತಕ ಬರೆಯುವವರಿಗೆ ಬಹುಮಾನ ಕೊಡುತ್ತಿತ್ತು. ಗಳಗನಾಥರ ‘ಪ್ರಬುದ್ಧ ಪದ್ಮನಯನೆ’ ಹೀಗೆ ಬಹುಮಾನ ಪಡೆದ ಕೃತಿ.

ಗಳಗನಾಥರು ಬರೆದು ಸುಮ್ಮನೆ ಕೂರಲಿಲ್ಲ. ಅಗಡಿಯ ಆನಂದವನದಿಂದ ಹೊರಟ ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆಯ ಮೂಲಕ ಓದುಗರನ್ನು ಕೂಡಿಸಿದರು. ತಮ್ಮ ಪುಸ್ತಕಗಳನ್ನು ತಾವೇ ಹೊತ್ತುಕೊಂಡು ಊರಿಂದ ಊರಿಗೆ ಹೋಗಿ ಮನೆ ಮನೆಯ ಬಾಗಿಲಲ್ಲಿ ಮಾರಿದರು. ಕನ್ನಡದ ದೊಡ್ಡ ಕಾದಂಬರಿಕಾರರೊಬ್ಬರು ಹೀಗೆ ಮಾಡಿದರು ಎಂದು ಇಂದಿನ ಮಕ್ಕಳಿಗೆ ಹೇಳಿದರೆ ಅಯ್ಯೋ ಪಾಪ ಎನ್ನಬಹುದು. ಇದರಲ್ಲಿ ಪಾಪ ಎನ್ನುವುದಕ್ಕಿಂತ ತಿಳಿಯಬೇಕಾದ ವಿಚಾರವೇ ಹೆಚ್ಚು. ಹಳ್ಳಿಯ ಓದುಗನಿಗೆ ಪುಸ್ತಕದ ಬೆಲೆ ಎಂದರೆ ಮುಖಪುಟದ ಹಿಂದೆ ಅಚ್ಚಾದ ಬೆಲೆ ಮಾತ್ರವಲ್ಲ. ಪೇಟೆಗೆ ಹೋಗಿ ಬರುವ ಗಾಡಿ ಬಾಡಿಗೆ, ಒಂದು ದಿನದ ಕೆಲಸ ಬಿಟ್ಟ ನಷ್ಟ, ಅಂಗಡಿಯವರ ಮುಂದೆ ಹೆಸರು ತಿಳಿಯದೆ ನಿಲ್ಲುವ ಸಂಕೋಚ, ಇವೂ ಆ ಬೆಲೆಯಲ್ಲಿ ಸೇರಿವೆ. ಗಳಗನಾಥರು ಪುಸ್ತಕವನ್ನು ಬಾಗಿಲಿಗೆ ತಂದು ಈ ಕಾಣದ ಬೆಲೆಯನ್ನು ತಮ್ಮ ಹೆಗಲ ಮೇಲೆ ಹೊತ್ತರು. ಅವರು 1942ರಲ್ಲಿ ತೀರಿಕೊಂಡರು. ಅಷ್ಟರಲ್ಲಿ ಕನ್ನಡ ಕಾದಂಬರಿ ಓದುವ ಒಂದು ಸಮುದಾಯವೇ ಸಿದ್ಧವಾಗಿತ್ತು.

ಬೆಲೆ ಇಳಿಯುವುದು ಹೇಗೆ?

ಮುಂದಕ್ಕೆ ಹೋಗುವ ಮೊದಲು ಪುಸ್ತಕದ ಬೆಲೆಯ ಲೆಕ್ಕವನ್ನು ಸ್ವಲ್ಪ ತಿಳಿದುಕೊಂಡರೆ ಒಳ್ಳೆಯದು. ಮಕ್ಕಳು ಕೂಡ ಮಾಡಬಹುದಾದ ಸರಳ ಗಣಿತ ಇದು.

ಪುಸ್ತಕಕ್ಕೆ ಎರಡು ಬಗೆಯ ಖರ್ಚು ಇದೆ. ಅಕ್ಷರ ಜೋಡಣೆ, ಕರಡು ತಿದ್ದುವುದು, ಮುಖಪುಟದ ಚಿತ್ರ, ಯಂತ್ರವನ್ನು ಸಜ್ಜು ಮಾಡುವುದು ಇವು ಒಂದು ಪ್ರತಿ ಅಚ್ಚು ಮಾಡಿದರೂ ಅಷ್ಟೇ, ಹತ್ತು ಸಾವಿರ ಪ್ರತಿ ಮಾಡಿದರೂ ಅಷ್ಟೇ. ಕಾಗದ, ಮಸಿ, ಹೊಲಿಗೆ, ರಟ್ಟು ಇವು ಪ್ರತಿಯೊಂದಕ್ಕೂ ಬೇರೆ ಬೇರೆ ಬೀಳುವ ಖರ್ಚು. ತಿಳಿಯುವ ಸಲುವಾಗಿ ಒಂದು ಕಲ್ಪಿತ ಲೆಕ್ಕ ಹಾಕೋಣ. ಮೊದಲ ಬಗೆಯ ಖರ್ಚು 20,000 ರೂಪಾಯಿ, ಎರಡನೆಯದು ಪ್ರತಿಗೆ 40 ರೂಪಾಯಿ ಎಂದಿಟ್ಟುಕೊಳ್ಳಿ. 500 ಪ್ರತಿ ಮಾಡಿದರೆ ಒಂದೊಂದಕ್ಕೆ 80 ರೂಪಾಯಿ ಬೀಳುತ್ತದೆ. 5,000 ಪ್ರತಿ ಮಾಡಿದರೆ 44 ರೂಪಾಯಿ ಬೀಳುತ್ತದೆ. ಇದರ ಮೇಲೆ ಲೇಖಕರ ಗೌರವಧನ, ಮಾರುವವರ ಕಮಿಷನ್, ಸಾಗಣೆ, ಮಾರಾಟವಾಗದೆ ಉಳಿದು ಗೆದ್ದಲು ತಿನ್ನುವ ಪ್ರತಿಗಳ ನಷ್ಟ.

ಅಂದರೆ ಹೆಚ್ಚು ಅಚ್ಚು ಮಾಡಿದರೆ ಬೆಲೆ ಇಳಿಯುತ್ತದೆ, ಆದರೆ ಕೊಳ್ಳುವವರು ಹೆಚ್ಚಿದ್ದರೆ ಮಾತ್ರ. ಬೆಲೆ ಇಳಿದರೆ ಕೊಳ್ಳುವವರು ಹೆಚ್ಚುತ್ತಾರೆ, ಆದರೆ ಯಾರಾದರೂ ಮೊದಲು ಧೈರ್ಯ ಮಾಡಬೇಕು. ಬೆಲೆ ಇಳಿಸುವ ಸುಲಭದ ದಾರಿಯೂ ಒಂದಿದೆ. ಕೆಟ್ಟ ಕಾಗದ, ತಪ್ಪು ತುಂಬಿದ ಅಚ್ಚು, ಲೇಖಕನಿಗೆ ಮೂರು ನಾಮ. ಆ ದಾರಿ ಹಿಡಿದವರೂ ಇದ್ದಾರೆ. ನಾವಿಲ್ಲಿ ನೆನೆಯುವುದು ಆ ದಾರಿ ಹಿಡಿಯದವರನ್ನು.

ಹೊರದೇಶಗಳಲ್ಲೂ ಇದೇ ಕಥೆ. ಜರ್ಮನಿಯಲ್ಲಿ ರೆಕ್ಲಾಂ ಎಂಬ ಪ್ರಕಾಶನ ಸಂಸ್ಥೆ 1867ರಲ್ಲಿ ದೊಡ್ಡ ಸಾಹಿತಿಗಳ ಕೃತಿಗಳನ್ನು ಪುಟ್ಟ ಗಾತ್ರದಲ್ಲಿ ಅಗ್ಗವಾಗಿ ತರಲು ಆರಂಭಿಸಿತು. ಮೊದಲ ಪುಸ್ತಕ ಗಯಟೆಯ ‘ಫೌಸ್ಟ್’. ಇಂಗ್ಲೆಂಡಿನಲ್ಲಿ ಅಲೆನ್ ಲೇನ್ 1935ರಲ್ಲಿ ಪೆಂಗ್ವಿನ್ ಹೆಸರಿನಲ್ಲಿ ಹತ್ತು ಪುಸ್ತಕಗಳನ್ನು ತಲಾ ಆರು ಪೆನ್ಸಿಗೆ ತಂದರು. ಒಂದು ಪ್ಯಾಕ್ ಸಿಗರೇಟಿನ ಬೆಲೆ ಅದು. ಪುಸ್ತಕದಂಗಡಿಯವರು ಅನುಮಾನ ಪಟ್ಟರು. ಆದರೆ ದಿನಬಳಕೆಯ ಸಾಮಾನು ಮಾರುವ ವುಲ್ವರ್ತ್ ಅಂಗಡಿಯವರು ದೊಡ್ಡ ಸಂಖ್ಯೆಯಲ್ಲಿ ಕೊಂಡರು, ಯೋಜನೆ ಗೆದ್ದಿತು. ಜನ ಸೋಪು, ಬಾಚಣಿಗೆ ಕೊಳ್ಳುವ ಜಾಗಕ್ಕೆ ಒಳ್ಳೆಯ ಪುಸ್ತಕ ಹೋದಾಗ ಅದನ್ನೂ ಕೊಂಡರು ಎಂಬುದು ಗಮನಿಸಬೇಕಾದ ಸಂಗತಿ.

ಅಟ್ಟದ ಮೇಲಿನ ಪ್ರಕಾಶನ

ಪೆಂಗ್ವಿನ್ನಿಗೂ ಎರಡು ವರ್ಷ ಮೊದಲೇ, 1933ರಲ್ಲಿ, ಧಾರವಾಡದಲ್ಲಿ ಗೋವಿಂದ ಭೀಮಾಚಾರ್ಯ ಜೋಶಿಯವರು ಮನೋಹರ ಗ್ರಂಥಮಾಲೆಯನ್ನು ಆರಂಭಿಸಿದ್ದರು. ಜಿ.ಬಿ. ಜೋಶಿ ಎಂದು, ‘ಜಡಭರತ’ ಎಂಬ ಕಾವ್ಯನಾಮದಿಂದ ನಾಟಕಕಾರರೆಂದು ನಾಡಿಗೆ ಪರಿಚಿತರಾದವರು ಇವರು. ಹುಟ್ಟಿದ್ದು 1904ರಲ್ಲಿ. ಕೈಯಲ್ಲಿ ದೊಡ್ಡ ಬಂಡವಾಳ ಇರಲಿಲ್ಲ. ಸ್ವಂತ ಅಚ್ಚುಕೂಟದ ವೈಭವವೂ ಇರಲಿಲ್ಲ. ಮುಂದಿನ ದಿನಗಳಲ್ಲಿ ಗ್ರಂಥಮಾಲೆಯ ಕಚೇರಿ ‘ಅಟ್ಟ’ ಎಂದೇ ಹೆಸರಾಯಿತು. ಮೆಟ್ಟಿಲು ಹತ್ತಿ ಹೋಗುವ ಆ ಜಾಗ ಕನ್ನಡದ ದೊಡ್ಡ ದೊಡ್ಡ ಲೇಖಕರೆಲ್ಲ ಕೂತು ಹರಟಿದ, ವಾದಿಸಿದ, ಹಸ್ತಪ್ರತಿ ಓದಿದ ಜಾಗ.

ಜೋಶಿಯವರು ಕಂಡುಕೊಂಡ ಉಪಾಯ ಚಂದಾ ಪದ್ಧತಿ. ಓದುಗನು ವರ್ಷದ ಆರಂಭದಲ್ಲೇ ಚಂದಾ ಕಟ್ಟಿ ಸದಸ್ಯನಾಗಬೇಕು. ವರ್ಷದಲ್ಲಿ ಗ್ರಂಥಮಾಲೆ ಹೊರತರುವ ಪುಸ್ತಕಗಳು ಅವನ ವಿಳಾಸಕ್ಕೆ ಅಂಚೆಯಲ್ಲಿ ಬರುತ್ತವೆ. ಬಿಡಿಯಾಗಿ ಕೊಂಡರೆ ಆಗುವ ಬೆಲೆಗಿಂತ ಇದು ಕಡಿಮೆ. ಮೇಲೆ ಹೇಳಿದ ಲೆಕ್ಕವನ್ನು ಇಲ್ಲಿಗೆ ಅನ್ವಯಿಸಿ ನೋಡಿ. ಎಷ್ಟು ಪ್ರತಿ ಬೇಕು ಎಂಬುದು ಅಚ್ಚಿಗೆ ಮೊದಲೇ ಗೊತ್ತು. ಕಾಗದ ಕೊಳ್ಳಲು ಸಾಲ ಮಾಡಬೇಕಾಗಿಲ್ಲ. ಉಳಿದ ಪ್ರತಿಗಳ ಭಯ ಕಡಿಮೆ. ಅಂಗಡಿಯ ಕಮಿಷನ್ ಉಳಿಯಿತು. ಗಳಗನಾಥರು ಹೆಗಲ ಮೇಲೆ ಹೊತ್ತದ್ದನ್ನು ಇಲ್ಲಿ ಅಂಚೆಯವನು ಹೊತ್ತ. ಹಳ್ಳಿಯ ಅಂಚೆ ಕಚೇರಿ ಇದ್ದಲ್ಲಿಗೆಲ್ಲ ಧಾರವಾಡದ ಪುಸ್ತಕ ಹೋಗಬಹುದಾಯಿತು. ಆದರೆ ಸದಸ್ಯರು ತಾವಾಗಿ ಬರಲಿಲ್ಲ. ಜೋಶಿಯವರು ಊರೂರು ತಿರುಗಿ ಅವರನ್ನು ಕೂಡಿಸಿದರು.

ಚಂದಾ ಪದ್ಧತಿಯಿಂದ ಬೆಲೆ ಇಳಿಯಿತು ಎಂಬುದು ಅರ್ಧ ಮಾತು. ಇನ್ನರ್ಧ ಇನ್ನೂ ಮುಖ್ಯ. ಸದಸ್ಯರ ಹಣ ಕೈಯಲ್ಲಿದ್ದುದರಿಂದ ಪ್ರಕಾಶಕರಿಗೆ ಧೈರ್ಯ ಬಂತು. ಯಾವುದು ಖಂಡಿತ ಮಾರಾಟವಾಗುತ್ತದೋ ಅದನ್ನೇ ಅಚ್ಚು ಮಾಡಬೇಕೆಂಬ ಒತ್ತಾಯ ತಪ್ಪಿತು. ಬೇಂದ್ರೆ, ಗೋಕಾಕ, ಮುಗಳಿ, ಶ್ರೀರಂಗರಂಥವರ ಕೃತಿಗಳ ಜೊತೆಗೆ, ಯಾರೂ ಹೆಸರು ಕೇಳದ ತರುಣರ ಕೃತಿಗಳೂ ಸದಸ್ಯರ ಮನೆ ಸೇರಿದವು. ಶಂಕರ ಮೊಕಾಶಿ ಪುಣೇಕರರ ‘ಗಂಗವ್ವ ಗಂಗಾಮಾಯಿ’ ಇಲ್ಲಿಂದ ಬಂತು. ಇಪ್ಪತ್ತರ ಹರೆಯದ ಗಿರೀಶ ಕಾರ್ನಾಡರು ಬರೆದ ‘ಯಯಾತಿ’ 1961ರಲ್ಲಿ ಇಲ್ಲಿಂದಲೇ ಪ್ರಕಟವಾಯಿತು. 1965ರಲ್ಲಿ ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ ಬಂದದ್ದೂ ಇಲ್ಲಿಂದ. ವಿಮರ್ಶಕ ಕೀರ್ತಿನಾಥ ಕುರ್ತಕೋಟಿಯವರು ಸಾಹಿತ್ಯ ಸಲಹೆಗಾರರಾಗಿ ಜೋಶಿಯವರ ಬೆನ್ನಿಗಿದ್ದರು. ಮುಂದೆ ದೇಶವೇ ಚರ್ಚಿಸಿದ ಈ ಕೃತಿಗಳನ್ನು ಮೊದಲು ಓದಿದವರು ಯಾರು? ಚಂದಾ ಕಟ್ಟಿದ್ದ ಶಾಲಾ ಮೇಷ್ಟ್ರುಗಳು, ಗುಮಾಸ್ತರು, ಸಣ್ಣ ವಕೀಲರು, ಮನೆಯಲ್ಲಿದ್ದ ಹೆಣ್ಣುಮಕ್ಕಳು.

ಸಾಮಾನ್ಯ ಓದುಗನಿಗೆ ಸಾಮಾನ್ಯ ಪುಸ್ತಕ ಸಾಕು ಎಂದು ಜೋಶಿಯವರು ಎಣಿಸಲಿಲ್ಲ. ಬೆಲೆಯನ್ನು ಇಳಿಸಿದರು, ಮಟ್ಟವನ್ನು ಇಳಿಸಲಿಲ್ಲ. 1993ರಲ್ಲಿ ಅವರು ತೀರಿಕೊಂಡ ಮೇಲೂ ಅವರ ಮನೆಯವರು ಆ ಕೆಲಸವನ್ನು ಮುಂದುವರಿಸಿದರು.

ನಮ್ಮ ಜಿಲ್ಲೆಯ ನಂಟು, ಮೈಸೂರಿನ ಪ್ರಯತ್ನ

ಹಳೆಯ ಮೈಸೂರಿನಲ್ಲಿ ಈ ಕೆಲಸವನ್ನು ಸಂಸ್ಥೆಗಳು ಕೈಗೆತ್ತಿಕೊಂಡವು. ಇಲ್ಲಿ ನಮ್ಮ ಜಿಲ್ಲೆಯವರು ಹೆಮ್ಮೆ ಪಡಬೇಕಾದ ಹೆಸರು ಬಿ.ಎಂ. ಶ್ರೀಕಂಠಯ್ಯನವರದು. ಅವರು ಹುಟ್ಟಿದ್ದು 1884ರಲ್ಲಿ, ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ. ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದುಕೊಂಡು ಕನ್ನಡಕ್ಕಾಗಿ ದುಡಿದ ಅವರು 1938ರಿಂದ ಕನ್ನಡ ಸಾಹಿತ್ಯ ಪರಿಷತ್ತಿನ ಉಪಾಧ್ಯಕ್ಷರಾಗಿದ್ದರು. ಕನ್ನಡ ಪರೀಕ್ಷೆಗಳು, ‘ಕನ್ನಡ ನುಡಿ’ ಪತ್ರಿಕೆ ಇವೆಲ್ಲ ಆ ಕಾಲದವು. ಪರಿಷತ್ತಿನ ಅಚ್ಚುಕೂಟ ಅವರ ಹೆಸರನ್ನೇ ಹೊತ್ತಿದೆ. ಕನ್ನಡ ಬೆಳೆಯಬೇಕಾದರೆ ಭಾಷಣ ಸಾಲದು, ಮೊಳೆ ಮತ್ತು ಯಂತ್ರ ಕನ್ನಡಿಗರ ಕೈಯಲ್ಲಿರಬೇಕು ಎಂಬ ತಿಳಿವಳಿಕೆ ಅದರ ಹಿಂದಿತ್ತು.

1916ರಲ್ಲಿ ಸ್ಥಾಪನೆಯಾದ ಮೈಸೂರು ವಿಶ್ವವಿದ್ಯಾನಿಲಯ ಇನ್ನೊಂದು ದಾರಿ ಹಿಡಿಯಿತು. ಅಧ್ಯಾಪಕರು ಊರುಗಳಿಗೆ ಹೋಗಿ ಪ್ರಚಾರೋಪನ್ಯಾಸ ಕೊಡುವುದು, ಆ ಉಪನ್ಯಾಸವನ್ನೇ ಪುಟ್ಟ ಪುಸ್ತಕವಾಗಿ ಅಚ್ಚು ಮಾಡಿ ತೀರ ಕಡಿಮೆ ಬೆಲೆಗೆ ಮಾರುವುದು. ವಿಷಯ ಯಾವುದಾದರೂ ಸರಿ, ಭಾಷೆ ಹಳ್ಳಿಯವನಿಗೆ ತಿಳಿಯಬೇಕು. ಕುವೆಂಪು ಅವರು ಉಪಕುಲಪತಿಯಾಗಿದ್ದ 1956ರಿಂದ 1960ರ ಅವಧಿಯಲ್ಲಿ ಈ ಕೆಲಸಕ್ಕೆ ಹೊಸ ಕಸುವು ಬಂತು. ಪ್ರಸಾರಾಂಗ ಎಂಬ ಹೆಸರು ಮನೆಮಾತಾಯಿತು. ವಿಶ್ವವಿದ್ಯಾನಿಲಯ ಎಂದರೆ ಅಲ್ಲಿಗೆ ಹೋಗಿ ಓದುವವರಿಗೆ ಮಾತ್ರವಲ್ಲ, ಅಲ್ಲಿಗೆ ಎಂದೂ ಹೋಗಲಾಗದವರಿಗೂ ಸೇರಿದ್ದು ಎಂಬುದು ಇದರ ಹಿಂದಿನ ತತ್ವ.

ಸರ್ಕಾರವೇ ಪ್ರಕಾಶಕನಾದ ಒಂದು ದೊಡ್ಡ ಉದಾಹರಣೆ 1958ರದು. ಆ ವರ್ಷ ಮೈಸೂರು ಸರ್ಕಾರ ಕುಮಾರವ್ಯಾಸನ ‘ಕರ್ಣಾಟ ಭಾರತ ಕಥಾಮಂಜರಿ’ಯನ್ನು ಹೊರತಂದಿತು. ಸಂಪಾದಿಸಿದವರು ಕುವೆಂಪು ಮತ್ತು ಮಾಸ್ತಿ ವೆಂಕಟೇಶ ಅಯ್ಯಂಗಾರ್. ಹತ್ತು ಪರ್ವ, ಎಂಟು ಸಾವಿರಕ್ಕೂ ಹೆಚ್ಚು ಷಟ್ಪದಿ. ಇಷ್ಟು ದೊಡ್ಡ ಗ್ರಂಥದ ಬೆಲೆ ಎರಡು ರೂಪಾಯಿ. ಖರ್ಚಿನ ಬಹುಪಾಲನ್ನು ಬೊಕ್ಕಸ ಭರಿಸಿತು ಎಂಬುದು ಬೆಲೆಯನ್ನು ನೋಡಿದರೇ ತಿಳಿಯುತ್ತದೆ. ಗಮಕಿಗಳ ಬಾಯಲ್ಲಿ ಕೇಳಿ ಮಾತ್ರ ಗೊತ್ತಿದ್ದ ಕಾವ್ಯ, ರೈತನ ಮನೆಯ ಗೂಡಿಗೆ ಬಂದು ಕೂತಿತು. ಹೊಸದಾಗಿ ಒಂದಾದ ಕನ್ನಡ ನಾಡು ತನ್ನ ಪ್ರಜೆಗಳಿಗೆ ಕೊಟ್ಟ ಉಡುಗೊರೆಗಳಲ್ಲಿ ಇದೂ ಒಂದು ಎನ್ನಬೇಕು. ಶನಿಮಹಾತ್ಮೆಗೂ ಮಹಾಕಾವ್ಯಕ್ಕೂ ನಡುವೆ ಇದ್ದ ಬೆಲೆಯ ಗೋಡೆ ಆ ಮಟ್ಟಿಗೆ ಬಿದ್ದಿತು.

ಜಗತ್ತಿನ ಕಥೆಗಳು ಕನ್ನಡದ ಬೆಲೆಗೆ

ನಮ್ಮ ಶಾಲೆಯ ಹಿರಿಯ ವಿದ್ಯಾರ್ಥಿಗಳ ಕಾಲಕ್ಕೆ ಹತ್ತಿರದ ಇನ್ನೊಂದು ಪ್ರಯತ್ನ ನವಕರ್ನಾಟಕ ಪ್ರಕಾಶನದ್ದು. 1960ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಈ ಸಂಸ್ಥೆ ಎಡಪಂಥದ ಚಳವಳಿಯ ಹಿನ್ನೆಲೆಯದು. ವಿಜ್ಞಾನ, ವೈಚಾರಿಕತೆ, ಮಕ್ಕಳ ಸಾಹಿತ್ಯ ಇವು ಅದರ ಮುಖ್ಯ ಕ್ಷೇತ್ರಗಳು. ಸೋವಿಯತ್ ಒಕ್ಕೂಟದ ಪ್ರಗತಿ ಮತ್ತು ರಾದುಗ ಪ್ರಕಾಶನಗಳು ಮಾಸ್ಕೋದಲ್ಲೇ ಕನ್ನಡದಲ್ಲಿ ಅಚ್ಚು ಮಾಡಿ ಕಳಿಸುತ್ತಿದ್ದ ಪುಸ್ತಕಗಳೂ ಇಂಥ ಮಳಿಗೆಗಳಲ್ಲಿ ಸಿಗುತ್ತಿದ್ದವು. ಗಟ್ಟಿ ಕಾಗದ, ಬಣ್ಣದ ಚಿತ್ರ, ಬೆಲೆ ಮಾತ್ರ ಆಶ್ಚರ್ಯಪಡುವಷ್ಟು ಕಡಿಮೆ. ಆ ಬೆಲೆಯ ಹಿಂದೆ ಒಂದು ದೇಶದ ಸರ್ಕಾರದ ಹಣವಿತ್ತು. 1991ರಲ್ಲಿ ಸೋವಿಯತ್ ಒಕ್ಕೂಟ ಕುಸಿದಾಗ ಆ ಪುಸ್ತಕಗಳ ಬರವೂ ನಿಂತಿತು. ಬೇರೆಯವರ ಹಣದಿಂದ ಇಳಿದ ಬೆಲೆ ಆ ಹಣ ಇರುವವರೆಗೆ ಮಾತ್ರ ಎಂಬ ಪಾಠ ಇದರಲ್ಲಿದೆ.

ಆದರೆ ನವಕರ್ನಾಟಕ ತನ್ನ ಕಾಲ ಮೇಲೆ ನಿಂತು ಮಾಡಿದ ದೊಡ್ಡ ಕೆಲಸ ಬೇರೆ ಇದೆ. ಅದು ‘ವಿಶ್ವಕಥಾಕೋಶ’. 1980ರಿಂದ 1982ರವರೆಗೆ 25 ಸಂಪುಟಗಳಲ್ಲಿ ಜಗತ್ತಿನ ನಾನಾ ದೇಶಗಳ ಸಣ್ಣಕಥೆಗಳು ಕನ್ನಡದಲ್ಲಿ ಬಂದವು. ಪ್ರಧಾನ ಸಂಪಾದಕರು ನಿರಂಜನ. ಪಾರ್ಶ್ವವಾಯುವಿನಿಂದ ದೇಹದ ಒಂದು ಭಾಗ ಸ್ವಾಧೀನ ತಪ್ಪಿದ್ದರೂ ಅವರು ಈ ಸಾಹಸಕ್ಕೆ ಕೈಹಾಕಿದರು. ಕನ್ನಡದ ಅನೇಕ ಲೇಖಕರು ಅನುವಾದಕ್ಕೆ ಕೈಜೋಡಿಸಿದರು. ‘ಧರಣಿಮಂಡಲ ಮಧ್ಯದೊಳಗೆ’ ಎಂಬ ಮೊದಲ ಸಂಪುಟ ಕನ್ನಡದ ಕಥೆಗಳದು. ಉಳಿದವು ಆಫ್ರಿಕ, ಚೀನ, ಲ್ಯಾಟಿನ್ ಅಮೆರಿಕ ಎಂದು ಭೂಪಟವನ್ನೆಲ್ಲ ಸುತ್ತುತ್ತವೆ. ‘ದೇಶ ಸುತ್ತು, ಕೋಶ ಓದು’ ಎಂದು ನಮ್ಮ ಹಿರಿಯರು ಹೇಳಿದ್ದಾರೆ. ದೇಶ ಸುತ್ತಲು ಹಣವಿಲ್ಲದವರಿಗೆ ಈ ಕೋಶವೇ ದೇಶ ಸುತ್ತಿಸಿತು. ಇಂಗ್ಲಿಷ್ ಬಾರದ ಹುಡುಗನೂ ರಷ್ಯದ ರೈತನನ್ನು, ಆಫ್ರಿಕದ ತಾಯಿಯನ್ನು ತನ್ನ ಭಾಷೆಯಲ್ಲೇ ಭೇಟಿಯಾಗುವಂತಾಯಿತು.

ಇದೇ ಕಾಲದಲ್ಲಿ ಬೇರೆ ಚಿಂತನೆಯ ರಾಷ್ಟ್ರೋತ್ಥಾನ ಪರಿಷತ್ತಿನಿಂದ ‘ಭಾರತ ಭಾರತಿ ಪುಸ್ತಕ ಸಂಪದ’ ಬಂದಿತು. ಪ್ರೊ. ಎಲ್.ಎಸ್. ಶೇಷಗಿರಿರಾವ್ ಅವರ ಸಂಪಾದಕತ್ವದಲ್ಲಿ 510 ಪುಟ್ಟ ಜೀವನಚರಿತ್ರೆಗಳು. ಭಾಷಣ ಸ್ಪರ್ಧೆ, ಕ್ರೀಡಾಕೂಟಗಳಲ್ಲಿ ಬಹುಮಾನವಾಗಿ ಈ ಪುಸ್ತಕ ಪಡೆಯದ ಸರ್ಕಾರಿ ಶಾಲೆಯ ಮಕ್ಕಳು ಕಡಿಮೆ. ಒಂದು ಬೈಠಕ್ಕಿನಲ್ಲಿ ಓದಿ ಮುಗಿಸಬಹುದಾದ ಗಾತ್ರ, ಮಕ್ಕಳ ಕೈಖರ್ಚಿನ ಕಾಸಿಗೆ ಎಟುಕುವ ಬೆಲೆ. ನವಕರ್ನಾಟಕಕ್ಕೂ ರಾಷ್ಟ್ರೋತ್ಥಾನಕ್ಕೂ ವಿಚಾರದಲ್ಲಿ ಉತ್ತರ ದಕ್ಷಿಣದಷ್ಟು ಅಂತರ. ಆದರೂ ಹಳ್ಳಿಯ ಮಗುವಿನ ಕೈಗೆ ಪುಸ್ತಕ ಸಿಗಬೇಕು, ಅದಕ್ಕೆ ಬೆಲೆ ಅಡ್ಡಿಯಾಗಬಾರದು ಎಂಬ ವಿಷಯದಲ್ಲಿ ಇಬ್ಬರೂ ಒಂದೇ. ಮೇಷ್ಟ್ರು ಎರಡನ್ನೂ ಒಂದೇ ಬೀರುವಿನಲ್ಲಿಟ್ಟರೆ ಯಾವುದನ್ನು ನಂಬಬೇಕೆಂದು ಮಗು ತಾನೇ ಯೋಚಿಸಿ ನಿರ್ಧರಿಸುತ್ತದೆ. ಶಾಲೆಯ ಗ್ರಂಥಾಲಯ ಇರುವುದೇ ಅದಕ್ಕೆ.

ಹಳ್ಳಿಯಿಂದ ಹೊರಟ ಪುಸ್ತಕ

ಈವರೆಗೆ ಹೇಳಿದ್ದೆಲ್ಲ ಪಟ್ಟಣದಿಂದ ಹಳ್ಳಿಗೆ ಬಂದ ಪುಸ್ತಕದ ಮಾತು. ಹಳ್ಳಿಯಿಂದಲೇ ಪುಸ್ತಕ ಹೊರಡಬಹುದು ಎಂದು ತೋರಿಸಿದವರು ಕೆ.ವಿ. ಸುಬ್ಬಣ್ಣ. ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ಹೆಗ್ಗೋಡು ಅಡಿಕೆ ತೋಟಗಳ ನಡುವಿನ ಒಂದು ಸಣ್ಣ ಊರು. ಅಲ್ಲಿ 1949ರಲ್ಲಿ ನೀನಾಸಮ್ ಹುಟ್ಟಿತು. ಸುಬ್ಬಣ್ಣನವರು ಅದೇ ಊರಿನಿಂದ ಅಕ್ಷರ ಪ್ರಕಾಶನವನ್ನು ನಡೆಸಿದರು. ಅನಂತಮೂರ್ತಿಯವರ ‘ಭಾರತೀಪುರ’ದಂಥ ಕಾದಂಬರಿಗಳು, ನಾಟಕಗಳು, ಗಂಭೀರ ವಿಚಾರದ ಅನುವಾದಗಳು ಅಲ್ಲಿಂದ ಬಂದವು. ಮುಖಪುಟದಲ್ಲಿ ಆಡಂಬರವಿಲ್ಲ. ದೊಡ್ಡ ಊರಿನ ಮಳಿಗೆ ಬಾಡಿಗೆಯಿಲ್ಲ. ಉಳಿತಾಯವಾದದ್ದು ಓದುಗನ ಪಾಲಿಗೆ. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ, ಒಂದು ಹಳ್ಳಿ ಜಗತ್ತಿಗೆ ಏನು ಕೊಡಬಹುದು ಎಂಬುದನ್ನು ನಾಡು ಕಣ್ಣರಳಿಸಿ ನೋಡಿತು.

ಬೀರು ತುಂಬಿತು, ಮನೆ ಖಾಲಿಯಾಯಿತು

1965ರಲ್ಲಿ ನಮ್ಮ ರಾಜ್ಯದಲ್ಲಿ ಸಾರ್ವಜನಿಕ ಗ್ರಂಥಾಲಯಗಳ ಕಾನೂನು ಬಂದಿತು. ಮನೆಗಂದಾಯದ ಜೊತೆ ಗ್ರಂಥಾಲಯ ಕರವೂ ಸೇರಿತು. ಆ ಹಣದಿಂದ ಊರೂರಿಗೆ ಗ್ರಂಥಾಲಯ, ಅವುಗಳಿಗೆ ಸಗಟು ಖರೀದಿಯ ಪುಸ್ತಕ. ಇದು ನಿಜಕ್ಕೂ ದೊಡ್ಡ ಹೆಜ್ಜೆ. ಕೊಳ್ಳಲಾಗದವನಿಗೆ ಪುಸ್ತಕ ಉಚಿತವಾಗಿ ಸಿಗುವಂತಾಯಿತು. ಇಂದು ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು ಅರಿವು ಕೇಂದ್ರಗಳಾಗಿ ಮಕ್ಕಳನ್ನು ಸೆಳೆಯುತ್ತಿರುವುದು ಸಂತೋಷದ ಸಂಗತಿ.

ಆದರೆ ಈ ಒಳ್ಳೆಯ ಕೆಲಸಕ್ಕೆ ಯಾರೂ ಬಯಸದ ಒಂದು ಅಡ್ಡ ಪರಿಣಾಮವೂ ಆಯಿತು. ಸಗಟು ಖರೀದಿಯನ್ನೇ ನೆಚ್ಚಿದ ಪ್ರಕಾಶಕರು ಹೆಚ್ಚಿದರು. ಇಷ್ಟು ಪ್ರತಿ ಇಲಾಖೆ ಕೊಳ್ಳುತ್ತದೆ, ಅಷ್ಟನ್ನೇ ಅಚ್ಚು ಮಾಡಿದರೆ ಸಾಕು ಎಂಬ ಲೆಕ್ಕ. ಓದುಗನನ್ನು ಹುಡುಕಿಕೊಂಡು ಹೋಗುವ ಅಗತ್ಯ ಉಳಿಯಲಿಲ್ಲ. ಅಚ್ಚಾಗುವ ಪ್ರತಿ ಕಡಿಮೆಯಾದಂತೆ, ಮೇಲಿನ ಗಣಿತದ ಪ್ರಕಾರವೇ, ಬಿಡಿ ಪ್ರತಿಯ ಬೆಲೆ ಏರಿತು. ಹೀಗೆ ಪುಸ್ತಕ ಗ್ರಂಥಾಲಯದ ಬೀರುವನ್ನು ಸೇರಿತು, ಮನೆಯ ಗೂಡಿನಿಂದ ದೂರವಾಯಿತು. ಬೀರುವಿಗೆ ಬೀಗ ಬಿದ್ದ ಕಡೆ ಅಲ್ಲಿಯೂ ಓದುಗನಿಲ್ಲ. ಜೋಶಿಯವರಿಗೆ ಸದಸ್ಯರ ಹೆಸರು, ಊರು ತಿಳಿದಿತ್ತು. ಗಳಗನಾಥರು ಕೊಂಡವರ ಮುಖವನ್ನೇ ನೋಡಿದ್ದರು. ಆ ಮುಖಪರಿಚಯ ತಪ್ಪಿದ್ದೇ ದೊಡ್ಡ ನಷ್ಟ.

ಈಗ ಮೊಬೈಲ್ ಇದೆಯಲ್ಲ, ಪುಸ್ತಕ ಏಕೆ ಎನ್ನುವವರಿದ್ದಾರೆ. ಮೊಬೈಲಿನಲ್ಲಿ ಒಳ್ಳೆಯದೂ ಉಂಟು. ಹಳೆಯ ಗ್ರಂಥಗಳು ಬೆರಳ ತುದಿಯಲ್ಲಿ ಸಿಗುತ್ತವೆ. ಆದರೆ ಜಾತ್ರೆಯ ಗೋಣಿತಾಟಿನ ಕಾಲದ ಪ್ರಶ್ನೆ ಅಲ್ಲೂ ಹಾಗೇ ಇದೆ. ಪುಕ್ಕಟೆ ಸಿಗುವುದು ರಾಶಿ ರಾಶಿ. ಅದರಲ್ಲಿ ಒಳ್ಳೆಯದನ್ನು ಆರಿಸಿ, ತಪ್ಪಿಲ್ಲದೆ ತಿದ್ದಿ, ಇದನ್ನು ಓದು ಮಗು ಎಂದು ಕೈಗೆ ಕೊಡುವವರು ಬೇಕು. ಕುರ್ತಕೋಟಿ, ನಿರಂಜನ, ಶೇಷಗಿರಿರಾವ್ ಅವರು ಮಾಡಿದ್ದು ಆ ಆರಿಸುವ ಕೆಲಸವನ್ನು. ಅದಕ್ಕೆ ಇಂದಿಗೂ ಬದಲಿ ಬಂದಿಲ್ಲ.

ನಮ್ಮ ಪಾಲಿನ ಕೆಲಸ

ಈ ಚರಿತ್ರೆಯಿಂದ ಮೂರು ಮಾತು ತಿಳಿಯುತ್ತದೆ. ಒಂದು, ಬೆಲೆ ಇಳಿಯಬೇಕಾದರೆ ಓದುಗರು ಮೊದಲೇ ಒಟ್ಟುಗೂಡಬೇಕು. ಎರಡು, ಪುಸ್ತಕ ಓದುಗನಿದ್ದಲ್ಲಿಗೆ ಹೋಗಬೇಕು. ಮೂರು, ಬಡವನಿಗೆ ಕೊಡುವ ಪುಸ್ತಕ ಎರಡನೇ ದರ್ಜೆಯದಾಗಬಾರದು. ಈ ಮೂರನೆಯದು ಎಲ್ಲಕ್ಕೂ ಮುಖ್ಯ. ಒಳ್ಳೆಯ ಪುಸ್ತಕವನ್ನು ಕಡಿಮೆ ಬೆಲೆಗೆ ಕೊಟ್ಟವರು ದಾನ ಮಾಡುತ್ತಿದ್ದೇವೆ ಎಂದುಕೊಳ್ಳಲಿಲ್ಲ. ಹಳ್ಳಿಯ ಓದುಗನಿಗೆ ಬುದ್ಧಿ ಕಡಿಮೆಯಿಲ್ಲ, ಕಾಸು ಕಡಿಮೆಯಿದೆ ಅಷ್ಟೇ ಎಂದು ನಂಬಿದರು.

ಸರ್ಕಾರಿ ಪ್ರೌಢಶಾಲೆ ಎಂಬುದೂ ಇದೇ ನಂಬಿಕೆಯ ಮೇಲೆ ನಿಂತ ಸಂಸ್ಥೆ. ಶುಲ್ಕ ಕಡಿಮೆ ಎಂದು ಪಾಠ ಕಡಿಮೆಯಾಗಬಾರದು. ಇಲ್ಲಿಗೆ ಬರುವ ಎಷ್ಟೋ ಮಕ್ಕಳ ಮನೆಯಲ್ಲಿ ಇಂದಿಗೂ ಪಠ್ಯಪುಸ್ತಕ ಬಿಟ್ಟರೆ ಬೇರೆ ಪುಸ್ತಕವಿಲ್ಲ. ಸುವರ್ಣ ಮಹೋತ್ಸವದ ನೆನಪಿಗೆ ಹಳೆಯ ವಿದ್ಯಾರ್ಥಿಗಳು ಹಲವು ಕೊಡುಗೆ ಕೊಡಲು ಮುಂದೆ ಬರುತ್ತಾರೆ. ಅವರಲ್ಲಿ ಒಂದು ವಿನಂತಿ. ಧಾರವಾಡದ ಆ ಹಳೆಯ ಚಂದಾ ಪದ್ಧತಿಯನ್ನು ನಮ್ಮ ಮಟ್ಟಕ್ಕೆ ತರಬಹುದು. ಒಂದೊಂದು ವರ್ಷ ಎಸ್.ಎಸ್.ಎಲ್.ಸಿ. ಮುಗಿಸಿದ ತಂಡದವರು ಒಂದೊಂದು ವರ್ಷದ ಹೊಣೆ ಹೊತ್ತು, ಪ್ರಕಾಶಕರಿಂದ ನೇರವಾಗಿ ರಿಯಾಯಿತಿ ಬೆಲೆಗೆ ಪುಸ್ತಕ ತರಿಸಲಿ. ಆಯ್ಕೆಯನ್ನು ಶಿಕ್ಷಕರು ಮಾಡಲಿ, ಮಕ್ಕಳನ್ನೂ ಕೇಳಲಿ. ಬೀರುವಿನಲ್ಲಿಡಲು ಒಂದು ಪ್ರತಿ, ಹತ್ತನೇ ತರಗತಿ ಮುಗಿಸಿ ಹೋಗುವ ಪ್ರತಿ ಮಗುವಿನ ಮನೆಗೆ ಒಂದು ಪುಸ್ತಕ. ಮಗುವಿನ ಹೆಸರು ಬರೆದು ಕೊಟ್ಟ ಸ್ವಂತ ಪುಸ್ತಕ.

ಹೀಗೆ ಮನೆಗೆ ಹೋದ ಪುಸ್ತಕವನ್ನು ಆ ಮಗು ಮಾತ್ರ ಓದುವುದಿಲ್ಲ. ತಂಗಿ ಓದುತ್ತಾಳೆ, ಅಕ್ಷರ ಕಲಿತ ಅಜ್ಜಿ ಕನ್ನಡಕ ಹಾಕಿಕೊಂಡು ತಿರುವಿ ಹಾಕುತ್ತಾರೆ, ಪಕ್ಕದ ಮನೆಯವರು ಕೇಳಿ ಒಯ್ಯುತ್ತಾರೆ. ಒಂದು ಪುಸ್ತಕಕ್ಕೆ ಇಪ್ಪತ್ತು ಓದುಗರಿದ್ದ ಕಾಲ ನಮ್ಮ ಹಳ್ಳಿಗಳಲ್ಲಿ ಇತ್ತು. ಶಾಲೆಯ ಮುಂದಿನ ಐವತ್ತು ವರ್ಷಗಳಲ್ಲಿ ಅದು ಮತ್ತೆ ಬರಲಿ ಎಂದು ಹಾರೈಸುತ್ತೇನೆ.